ಮಡಿಚಿಟ್ಟ ಟಾಪು

ಕೆಂಪು ನೀರು ಇಳಿಯುತ್ತಿದೆ, ಕಾರಿನ ಬಟ್ಟೆಯ ಟಾಪಿನಿಂದ ಹಿಂದಿನ ಗಾಜಿನ ಮೇಲೆ, ಗಾಜಿನಿಂದ ಡಿಕ್ಕಿಯ ಮೇಲೆ, ತುಕ್ಕಿರಬೇಕು, ಒಳಗಿನ ಕಬ್ಬಿಣದ ಕಮಾನಿನದು, ಒಂದು ವರ್ಷ ಮಡಿಚಿಕೊಂಡು ಕತ್ತಲಲ್ಲಿ ಬಿದ್ದಿದ್ದರೆ ಇನ್ನೇನಾಗುತ್ತದೆ, ರೇಷ್ಮೆ ಹುಳುವಿಗೆಂದು ಕಟ್ಟಿಸಿದ ಮನೆಯಲ್ಲಿ ಕಾರು ನಿಲ್ಲಿಸಿದರೆ ಬೂಷ್ಟು ಬರದೆ ಮಲ್ಲಿಗೆ ಬಿಡುತ್ತದೆಯೇ — ಉಜ್ಜು ಪದ್ಮಶ್ರೀ, ಉಜ್ಜು, ನಾಳೆ ಚನ್ನಪಟ್ಟಣದಲ್ಲಿ ಯಾರದೋ ಮಗಳ ಮೆರವಣಿಗೆ, ವರ್ಷದ ಮೇಲೆ ಮೊದಲ ಬಾಡಿಗೆ, ಮೋಡ ಆಗಿದೆ, ಛತ್ರದವರೆಗೆ ಟಾಪು ಹಾಕಿಕೊಂಡೇ ಹೋಗಬೇಕಂತೆ, ಅಲ್ಲಿ ಮಡಿಚುತ್ತಾರಂತೆ. ಹಾಗಂತ ಹೇಳಿ ಅಶ್ವಥ್ ರಾಮನಗರಕ್ಕೆ ಹೋದರು, ನೀರು ಸೋರದ ಹಾಗೆ ಬಟ್ಟೆಗೆ ಬಳಿಯುವ ಔಷಧಿ ತರಲು, ಕಟ್ಟಿಕೊಂಡ ಗಂಡನಿಗೆ ನಮ್ಮೂರು ಬೈರಾಪಟ್ಟಣದಲ್ಲಿ ಒಂದು ಕೆಲಸವೂ ಒಂದೇ ಸಲಕ್ಕೆ ಮುಗಿಯುವುದಿಲ್ಲ. ಹೋಗುವಾಗ ನೂರು ಸಲ ಹೇಳಿದ್ದು, ತಣ್ಣೀರು, ಶಾಂಪೂ, ಮೆತ್ತನೆ ಬ್ರಷ್ಷು, ಬೇರೇನೂ ಹಾಕ್ಬ್ಯಾಡ. ಶಾಂಪೂ ಸುರಿದು ಸುರಿದು ಕೈ ಬಿದ್ದುಹೋಯಿತು, ಬೂಷ್ಟು ಕದಲಲಿಲ್ಲ. ನನಗೆ ಕೋಪ ಬಂತು. ನಾನು ರೇಷ್ಮೆ ನೂಲು ತೆಗೆಯುವವರ ಮನೆಯಲ್ಲಿ ಹುಟ್ಟಿದವಳು, ನಮ್ಮಮ್ಮ ಕಚ್ಚಾ ನೂಲಿನ ಅಂಟು ಬಿಡಿಸುತ್ತಿದ್ದದ್ದು ಸೋಪು ಸೋಡಾ ಹಾಕಿ ಕುದಿಸಿದ ನೀರಿನಲ್ಲಿ, ಹಗ್ಗದ ಹಾಗಿದ್ದದ್ದು ಹಂಡೆಯಿಂದ ಮೇಲೆ ಬಂದರೆ ಮಗುವಿನ ಕೂದಲು. ಒಲೆ ಹೊತ್ತಿಸಿದೆ, ಒಂದು ಹಿಡಿ ಸೋಡಾ ಹಾಕಿದೆ, ಚೊಂಬಿನಲ್ಲಿ ಮೊಗೆದು ಮೊಗೆದು ಸುರಿದೆ, ಬೂಷ್ಟು ಹೋಯಿತು, ಬಟ್ಟೆ ಕೆನೆಯ ಬಣ್ಣಕ್ಕೆ ಬಂತು, ಆಮೇಲೆ ಈ ಕೆಂಪು.

ತುಕ್ಕಾದರೆ ಕಮಾನಿನ ಉದ್ದಕ್ಕೂ ಇರಬೇಕಲ್ಲ, ಇದು ಒಂದೇ ಜಾಗದಲ್ಲಿ, ಹಿಂದಿನ ಗಾಜಿಗಿಂತ ಒಂದು ಗೇಣು ಮೇಲೆ, ನಾಲ್ಕು ಗೆರೆ, ಒಂದರ ಪಕ್ಕ ಒಂದು, ಒಂದು ತುದಿ ದಪ್ಪ, ಇನ್ನೊಂದು ತುದಿ ಎಳೆದ ಹಾಗೆ ತೆಳ್ಳಗೆ. ಬೆರಳಿನಲ್ಲಿ ಮುಟ್ಟಿದರೆ ತುಕ್ಕಿನ ಹಾಗೆ ತರಿಯಿಲ್ಲ. ಬ್ರಷ್ಷು ಬಕೆಟ್ಟಿಗೆ ಬಿತ್ತು, ನಾನೇ ಬಿಟ್ಟೆನೋ ಅದೇ ಜಾರಿತೋ. ಅರಿಶಿನಕ್ಕೆ ಸೋಡಾ ಬಿದ್ದರೆ ಕೆಂಪಾಗುತ್ತದೆ, ಇದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಅರಿಶಿನದ ಸೀರೆಗೆ ಸೋಪು ಹಾಕಿದಾಗೆಲ್ಲ ನೋಡಿದ್ದೇನೆ, ಆರತಿ ತಟ್ಟೆಯಲ್ಲಿ ಅರಿಶಿನಕ್ಕೆ ಸುಣ್ಣ ಕಲೆಸಿದಾಗೆಲ್ಲ ನೋಡಿದ್ದೇನೆ, ಅವತ್ತೂ ಕಲೆಸಿಟ್ಟಿದ್ದೆ, ಗಂಡಿನ ಕಡೆಯವರು ಬಂದರೆ ಎತ್ತಲು, ಆ ನೀರನ್ನು ಆಮೇಲೆ ಯಾರು ಚೆಲ್ಲಿದರೋ ಗೊತ್ತಿಲ್ಲ. ಭಾನು. ನನ್ನ ಮಗಳು ಭಾನುಪ್ರಿಯಳ ಬೆರಳು. ಅವಳ ಬಟ್ಟೆಯನ್ನೆಲ್ಲ ಕೊಟ್ಟುಬಿಟ್ಟರು, ಬಾಚಣಿಗೆಯನ್ನೂ ಬಿಡಲಿಲ್ಲ, ಮನೆಯಲ್ಲಿ ಅವಳದೆಂದು ಒಂದು ಕೂದಲೂ ಉಳಿದಿಲ್ಲ, ಇಲ್ಲಿ ಬೂಷ್ಟಿನ ಅಡಿಯಲ್ಲಿ ನಾಲ್ಕು ಬೆರಳು ಇಟ್ಟುಕೊಂಡು ಕಾದಿದ್ದಾಳೆ, ನಾನು ಕುದಿಯುವ ನೀರು ಸುರಿದೆ, ಅಯ್ಯೋ ನನ್ನ ಕೈಗಿಷ್ಟು.

ಅರಿಶಿನ ಹಚ್ಚಿದ ದಿನ, ಚಪ್ಪರದ ಕೆಳಗೆ ಕೂತವಳಿಗೆ ಕೈ ತುಂಬಾ, ಮುಖ ತುಂಬಾ, ಮೊಣಕೈವರೆಗೂ, ಇನ್ನೂ ಹಸಿ, ನಾನು ಒಳಗೆ ಅವರೆಕಾಳು ಹಿಸುಕುತ್ತಿದ್ದೆ, ಕಾರಿನ ಹಾರನ್ನು ಕೇಳಿತು, ಅಪ್ಪ ಮಗಳ ನಗು ಕೇಳಿತು, ಅಂಗಳದಲ್ಲೇ ಏನೋ ಆಟ ಅಂದುಕೊಂಡೆ, ಹೊರಗೆ ಬಂದರೆ ಧೂಳು ಮಾತ್ರ. ತಾಲ್ಲೂಕಿನ ಅರ್ಧ ಹೆಣ್ಣುಮಕ್ಕಳು ಮದುಮಗಳಾಗಿ ಕೂತ ಕಾರು, ಇವಳು ಮಾತ್ರ ಪ್ರತಿ ಸಲ ಹೂವು ಕಟ್ಟಿ, ಗಾಜು ಒರೆಸಿ, ಗೇಟಿನಲ್ಲಿ ನಿಂತು ಕಳಿಸಿದವಳು, ನಂಗೂ ಒಂದ್ ಸಲ ಅಪ್ಪ, ಅನ್ನುತ್ತಿದ್ದಳು, ನಿನ್ ಮದ್ವೆ ದಿನ ಕಣವ್ವ, ಅನ್ನುತ್ತಿದ್ದರು. ಕೆಂಗಲ್ ಹನುಮಂತರಾಯನಿಗೆ ಕೈ ಮುಗಿಸಿಕೊಂಡು ಬರೋಣ ಎಂದು ಕರೆದುಕೊಂಡು ಹೋದರಂತೆ. ವಾಪಸ್ಸು ಬಂದದ್ದು ಆಂಬುಲೆನ್ಸು. ಕಾರಿಗೆ ಒಂದು ಗೀರೂ ಇಲ್ಲ. ಹೆಣದ ಮುಂದೆಯೇ ಅತ್ತೆ ಮುನಿಯಮ್ಮ ಎದೆ ಬಡಿದುಕೊಂಡು ಊರಿಗೆಲ್ಲ ಕೇಳುವ ಹಾಗೆ ಹೇಳಿದರು, ಅರಿಸ್ನ ಹಚ್ಚಿದ್ ಹೆಣ್ಣ ಹೊಸ್ಲು ದಾಟುಸ್ಬುಟ್ಟಳು, ತಾಯಂತೆ ತಾಯಿ. ಹೊಸಿಲು ಕಾಯಬೇಕಾದವಳು ತಾಯಿ, ಅದು ನಿಯಮ, ಅವರೆಕಾಳು ನಿಯಮದಲ್ಲಿಲ್ಲ. ಅಂದಿನಿಂದ ಯಾವ ಮನೆಯ ಅರಿಶಿನಕ್ಕೂ ನನ್ನನ್ನು ಕರೆಯಲಿಲ್ಲ, ಅತ್ತೆ ನನ್ನ ಕೈಯಲ್ಲಿ ನೀರು ಇಸಿದುಕೊಳ್ಳಲಿಲ್ಲ, ನಾನೂ ನಂಬಿದೆ, ವರ್ಷವೆಲ್ಲ ಅದನ್ನೇ ತಿಂದು ಅದನ್ನೇ ಉಗುಳಿದೆ. ಅಶ್ವಥ್ ಗೋಡೆ ನೋಡಿಕೊಂಡು ಕೂತಿರುತ್ತಿದ್ದರು. ಕೇಳಿದವರಿಗೆಲ್ಲ ಒಂದೇ ಮಾತು, ಮುಂದೆ ನನ್ ಪಕ್ಕ ಕೂತಿದ್ಲು, ಬಾಗ್ಲು ಚಿಲ್ಕ ಬುಟ್ಕತು, ಬಿದ್ಬುಟ್ಲು. ಆ ಹಳೆಯ ಚಿಲಕವನ್ನು ಕಿತ್ತು, ಅಂಗಳದಲ್ಲಿ ಎಲ್ಲರ ಮುಂದೆ ಕಲ್ಲಿನಿಂದ ಜಜ್ಜಿ ಬಾವಿಗೆ ಎಸೆದರು, ಪಾಪ ಅಂದರು ಜನ, ಪಾಪ ಅಂದೆ ನಾನೂ. ಹೊಸ ಚಿಲಕ ಇಲ್ಲೇ ಹೊಳೆಯುತ್ತಿದೆ.

ಮುಂದೆ ಕೂತಿದ್ದವಳ ಬೆರಳು ಹಿಂದೆ ಹೇಗೆ ಬಂತು. ಹತ್ತುವಾಗ ಒರಗಿರಬಹುದು, ಇಳಿಯುವಾಗ ಮುಟ್ಟಿರಬಹುದು — ಒರಗಿದ ಬೆರಳು ಹೀಗೆ ಎಳೆದುಕೊಂಡು ಹೋಗುವುದಿಲ್ಲ. ಹೆಬ್ಬೆರಳೆಲ್ಲಿ, ನಾಲ್ಕೇ ಇವೆಯಲ್ಲ. ಬ್ರಷ್ಷು ಹಾಕದೆ ಬರೀ ಬಟ್ಟೆಯ ತುಂಡಿನಿಂದ ಒತ್ತಿ ಒತ್ತಿ ಹುಡುಕಿದೆ, ಸಿಕ್ಕಿತು, ಆ ನಾಲ್ಕಕ್ಕಿಂತ ಒಂದು ಮೊಳ ಮುಂದೆ, ಒಂಟಿಯಾಗಿ, ಕೆಂಪು ಬೊಟ್ಟಿನ ಹಾಗೆ. ಒಂದು ಮೊಳ ಅಗಲ ಯಾರ ಕೈ ಇರುತ್ತದೆ. ಮುಂದಿನ ಗಾಜಿನ ಹತ್ತಿರ ಹೋಗಿ ಎರಡೂ ಕೊಂಡಿ ಬಿಚ್ಚಿದೆ, ಟಾಪನ್ನು ಮೆಲ್ಲಗೆ ಹಿಂದಕ್ಕೆ ತಳ್ಳಿದೆ, ಒದ್ದೆ ಬಟ್ಟೆ ಭಾರ, ಕಮಾನು ಕಿರುಗುಟ್ಟಿತು, ಮಡಿಕೆ ಬಿತ್ತು, ಹಿಂದಿನ ಸೀಟಿನ ಬೆನ್ನಿನ ಮೇಲೆ ಹಾಸಿಗೆಯ ಸುರುಳಿಯ ಹಾಗೆ ಕೂತಿತು, ಮದುಮಗಳು ಕೂರುವುದು ಅದರ ಮೇಲೆಯೇ, ಕಾಲು ಸೀಟಿನ ಮೇಲೆ, ಊರಿಗೆಲ್ಲ ಕಾಣುವ ಹಾಗೆ ಎತ್ತರದಲ್ಲಿ. ಮಡಿಕೆಯ ಮೇಲುಗಡೆ ಹೆಬ್ಬೆರಳು, ಕೆಳಗಡೆ ನಾಲ್ಕು ಬೆರಳು. ಸೇರಿಕೊಂಡವು. ಕೈಯಾಯಿತು. ಮಡಿಕೆಯನ್ನು ಬಿಗಿಯಾಗಿ ಹಿಡಿದ ಕೈ, ಹಿಡಿದು ಜಾರಿದ ಕೈ. ನನ್ನ ಕೈ ಇಟ್ಟು ನೋಡಿದೆ, ಅವಳದು ನನ್ನದಕ್ಕಿಂತ ಚಿಕ್ಕದು.

ಹಿಂದೆ ಕೂರಿಸಿದ್ದಾರೆ. ಮೇಲೆ ಕೂರಿಸಿ ಓಡಿಸಿದ್ದಾರೆ, ಮೆರವಣಿಗೆಯ ನಡಿಗೆಯಲ್ಲಲ್ಲ, ರಸ್ತೆಯ ಓಟದಲ್ಲಿ. ನನ್ನ ಮೇಲೆ ಹೊರಿಸಿದಾಗ ಗೋಡೆ ನೋಡಿದ್ದಾರೆ. ಬೈಕಿನ ಸದ್ದು, ಬಂದರು, ಕೈಯಲ್ಲಿ ಔಷಧಿಯ ಡಬ್ಬ, ಇನ್ನೊಂದು ಕೈಯಲ್ಲಿ ನಿಂಬೆಹಣ್ಣಿನ ಕವರು, ನಾಳೆ ಹೊರಡುವಾಗ ನಾಲ್ಕು ಚಕ್ರಕ್ಕೂ ಒಂದೊಂದು ಇಟ್ಟು ಹತ್ತಿಸಲು. ಯಾಕೆ ಮಡಿಚ್ದೆ, ಒದ್ದೆ ಐತಲ್ಲ, ಎನ್ನುತ್ತಲೇ ಹತ್ತಿರ ಬಂದರು, ನೋಡಿದರು. ನಾನು ಕೂಗಲಿಲ್ಲ. ಎಲ್ಲಿ ಕೂತಿದ್ಲು ಅವಳು, ಅಂದೆ. ಬಾಗ್ಲು ಚಿಲ್ಕ, ಎಂದು ಶುರು ಮಾಡಿ ಡಬ್ಬ ಕೆಳಗಿಟ್ಟರು. ಆಮೇಲೆ ನೆಲಕ್ಕೆ ಹೇಳುವ ಹಾಗೆ, ಮದುಮಗಳಂಗೆ ಒಸಿ ದೂರ ಕೂತ್ಕತೀನಿ ಅಪ್ಪ ಅಂದ್ಲು, ನಾನೇ ಕೈ ಕೊಟ್ಟು ಹತ್ತಿಸ್ದೆ, ರಸ್ತೆ ಹಂಪ್ ಕಾಣ್ಲಿಲ್ಲ. ಇಷ್ಟೇ ಮಾತು, ಇಷ್ಟು ಮಾತಿಗೆ ಒಂದು ವರ್ಷ. ಹೊಡೆಯಬೇಕು ಅನ್ನಿಸಿತು, ತಬ್ಬಿಕೊಂಡು ಅಳಬೇಕು ಅಂತಲೂ ಅನ್ನಿಸಿತು, ಎರಡಕ್ಕೂ ಕೈ ಏಳಲಿಲ್ಲ. ನಾಳೆ ಚನ್ನಪಟ್ಟಣದ ಹುಡುಗಿ ಇದೇ ಜಾಗದಲ್ಲಿ ಕೈ ಇಡುತ್ತಾಳೆ. ಕಾರು ಹೋಗಲ್ಲ, ಫೋನ್ ಮಾಡಿ ಹೇಳಿ, ಅಂದೆ, ಅದಕ್ಕೂ ಮೊದ್ಲು ನಿಮ್ಮವ್ವನ ಕರೀರಿ, ಬಂದು ನೋಡ್ಲಿ.

ಕೆಂಪಾಗಿದ್ದರೆ ಅತ್ತೆ ತುಕ್ಕು ಅನ್ನುತ್ತಾರೆ, ರಕ್ತ ಅನ್ನುತ್ತಾರೆ, ಮಗನನ್ನು ಉಳಿಸಲು ಏನು ಬೇಕಾದರೂ ಅನ್ನುತ್ತಾರೆ, ಹಳದಿಗೆ ತರಬೇಕು, ಹುಳಿ ಬಿದ್ದರೆ ಅರಿಶಿನ ತಿರುಗಿ ಹಳದಿ, ಕವರು ಕಿತ್ತುಕೊಂಡೆ, ನಿಂಬೆಹಣ್ಣನ್ನು ಹಲ್ಲಿನಲ್ಲೇ ಕಚ್ಚಿ ಹಿಂಡಿದೆ, ಸೋಡಾದ ಮೇಲೆ ರಸ ಬಿದ್ದು ಸಣ್ಣಗೆ ನೊರೆ ಎದ್ದಿತು, ನೊರೆಯ ಅಡಿಯಲ್ಲಿ ಕಿರುಬೆರಳು ಹಳದಿ, ಉಂಗುರದ ಬೆರಳು ಹಳದಿ, ಒಂದು ಚಕ್ರದ ಹಣ್ಣು ಮುಗಿಯಿತು, ಇನ್ನೊಂದು ಚಕ್ರದ್ದು, ನಡುಬೆರಳು, ತೋರುಬೆರಳು, ಈಗಷ್ಟೇ ಚಪ್ಪರದಿಂದ ಎದ್ದು ಬಂದವಳ ಹಾಗೆ. ಬೆನ್ನ ಹಿಂದೆ ಅವರು ಅವ್ವಾ ಎಂದು ಕರೆಯುವುದು ಕೇಳಿಸುತ್ತಿದೆ, ಒಳಗಿನಿಂದ ಅತ್ತೆಯ ಕೋಲು ಟಕ್ ಟಕ್, ಬೇಗ ಬಾ ಮುದುಕಿ, ಮೋಡ ಸರಿಯುತ್ತಿದೆ, ಬಿಸಿಲು ಬಿದ್ದರೆ ಅರಿಶಿನ ನಿಲ್ಲುವುದಿಲ್ಲ, ಸೆರಗು ಅಡ್ಡ ಹಿಡಿದಿದ್ದೇನೆ, ಸೆರಗಿನ ನೆರಳಿನಲ್ಲಿ ನಾಲ್ಕು ಬೆರಳು ಹಳದಿ, ಹೆಬ್ಬೆರಳು ಇನ್ನೂ ಕೆಂಪು, ಹಿಂಡುತ್ತಿದ್ದೇನೆ, ಸಿಪ್ಪೆ ಹಿಂಡುತ್ತಿದ್ದೇನೆ, ಕೋಲು ಹೊಸಿಲು ದಾಟಿತು, ಹೆಬ್ಬೆರಳು, ಮಡಿಕೆಯ ಮೇಲೆ ಒತ್ತಿದ ಹೆಬ್ಬೆರಳು, ಬಿಡದೆ ಒತ್ತಿದ ಹೆಬ್ಬೆರಳು —