ಕುರ್ಚಿಯಲ್ಲಿ ಕೂತವರೆಲ್ಲ ಸರಿ

ನನ್ನ ಗಂಡನನ್ನು ನಮ್ಮ ಬೀದಿಯವರು ಹಿಂದಿನಿಂದ ಹೌದಪ್ಪ ಅಂತ ಕರೆಯುತ್ತಾರೆ. ಎದುರಿಗೆ ಕರೆದರೂ ಅವರೇನೂ ಬೇಜಾರು ಮಾಡಿಕೊಳ್ಳುವವರಲ್ಲ, ಅದಕ್ಕೂ ಹೌದು ಅಂದುಬಿಡುತ್ತಾರೆ. ಅವರದು ಸಲೂನು. ಎರಡು ಕುರ್ಚಿ, ಗೋಡೆಯುದ್ದಕ್ಕೂ ಕನ್ನಡಿ, ಕಾಯುವವರಿಗೆ ಒಂದು ಬೆಂಚು, ಬೆಂಚಿನ ಮೇಲೆ ಮೂಲೆ ಕಿತ್ತುಹೋದ ಹಳೆಯ ಪತ್ರಿಕೆಗಳು. ಎರಡನೇ ಕುರ್ಚಿಗೆ ಒಬ್ಬ ಕೆಲಸದವನನ್ನು ಇಟ್ಟುಕೊಳ್ಳಿ ಅಂತ ಮದುವೆಯಾದಾಗಿನಿಂದ ಹೇಳುತ್ತಿದ್ದೇನೆ. ಅದಕ್ಕೂ ಹೌದು ಅನ್ನುತ್ತಲೇ ಬಂದಿದ್ದಾರೆ. ಆ ಕುರ್ಚಿಯ ಮೇಲೆ ಇವತ್ತಿಗೂ ಟವೆಲ್ ಒಣಗುತ್ತಿರುತ್ತದೆ.

ಇದು ಅವರ ಹುಟ್ಟುಗುಣ ಅಂತ ನಾನು ಬಹಳ ದಿನ ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಅದು ಕಸುಬಿನ ಪಾಠ. ಕತ್ತಿ ಹಿಡಿಯುವುದನ್ನು ಕಲಿಸುವಾಗ ನನ್ನ ಮಾವ ಮೊದಲು ಹೇಳಿಕೊಟ್ಟದ್ದೇ ಅದಂತೆ. ಕುರ್ಚಿಯಲ್ಲಿ ಕೂತವನ ಜೊತೆ ವಾದಕ್ಕೆ ನಿಲ್ಲಬೇಡ, ವಾದಕ್ಕೆ ನಿಂತರೆ ಅವನು ಗದ್ದ ಅಲ್ಲಾಡಿಸುತ್ತಾನೆ, ಗದ್ದ ಅಲ್ಲಾಡಿದರೆ ರಕ್ತ ಬರುತ್ತದೆ. ಮಾವ ಹೇಳಿದ್ದು ಗದ್ದದ ಮಟ್ಟಿಗೆ. ಮಗರಾಯ ಅದನ್ನು ಇಡೀ ಬದುಕಿಗೆ ಹಚ್ಚಿಕೊಂಡರು.

ಉಸಿರಿಗೇ ಕೂರುವ ಆ ಹೊಸ ಸೋಂಕು ಊರಿಗೆ ಬಂದ ಮೇಲೆ ಬೀದಿಯ ಮಾತೆಲ್ಲ ಅದೇ ಆಯಿತು. ದೊಡ್ಡವರಿಗೆ ಲಸಿಕೆ ಹಾಕಿ ಮುಗಿಸಿ, ಮಕ್ಕಳಿಗೂ ಹಾಕುತ್ತೇವೆ ಅಂತ ಸರ್ಕಾರದವರು ಹೇಳಿದ ಕೂಡಲೇ ಸಲೂನಿನಲ್ಲಿ ಎರಡು ಪಕ್ಷ ಎದ್ದವು. ಒಂದು ದಿನ ಊಟದ ಡಬ್ಬಿ ಕೊಡಲು ಹೋದಾಗ ಔಷಧಿ ಅಂಗಡಿಯವರು ಕುರ್ಚಿಯಲ್ಲಿದ್ದರು. ಮಕ್ಕಳಿಗೆ ಹಾಕಿಸದೇ ಇರೋದು ಮೂರ್ಖತನ ಅಂತ ಅವರು ಹೇಳುತ್ತಿದ್ದರು. ಇವರು ಕೆನ್ನೆಗೆ ನೊರೆ ಹಚ್ಚುತ್ತಾ, "ನೀವು ಹೇಳೋದು ಸರಿ" ಅಂದರು. ಅವರೆದ್ದು ಹೋದ ಮೇಲೆ ಅದೇ ಕುರ್ಚಿಗೆ ರಿಟೈರಾದ ಡ್ರಿಲ್ ಮೇಷ್ಟ್ರು ಬಂದರು. ಬೆಳೆಯೋ ಮೈಗೆ ಇಂಥದ್ದೆಲ್ಲ ಚುಚ್ಚಬಾರದು, ಇದು ಕಂಪನಿಯವರ ವ್ಯಾಪಾರ ಅಂದರು. ಇವರು ಅದೇ ಬ್ರಷ್ಷು, ಅದೇ ದನಿಯಲ್ಲಿ "ನೀವು ಹೇಳೋದು ಸರಿ ಮೇಷ್ಟ್ರೇ" ಅಂದರು. ನನಗೆ ನಗು ತಡೆಯಲಾಗಲಿಲ್ಲ. "ರೀ, ನಿಮ್ಮ ಕುತ್ತಿಗೆಗೇನಾದ್ರೂ ಸ್ಪ್ರಿಂಗ್ ಹಾಕಿಸಿದ್ದೀರಾ, ಆ ಕಡೆನೂ ಆಡುತ್ತೆ, ಈ ಕಡೆನೂ ಆಡುತ್ತೆ" ಅಂದೆ. ಅವರು ನಕ್ಕರು. ಆಗ ಅದು ನಗುವ ಸಂಗತಿಯಾಗಿತ್ತು.

ನಮ್ಮದು ಎರಡು ಮಕ್ಕಳು. ದೊಡ್ಡವಳು ಪುಟ್ಟಿ, ಎರಡನೇ ಕ್ಲಾಸು. ಚಿಕ್ಕವನು ಆಗಷ್ಟೇ ಶಾಲೆಗೆ ಸೇರಿದ್ದ. ನಾನು ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುವವಳು. ಲಸಿಕೆ ಹಾಕುವ ಕೇಂದ್ರ ತೆರೆದಿರುವ ಹೊತ್ತಿನಲ್ಲೇ ನಮ್ಮ ಪಾಳಿ, ರಜೆ ಕೇಳಿದರೆ ಸೂಪರ್‌ವೈಸರ್ ಮುಖ ಹುಳಿ ಮಾಡುತ್ತಾನೆ. ಸಲೂನಿಗೆ ವಾರಕ್ಕೊಂದು ದಿನ ರಜೆ ಇದೆಯಲ್ಲ, ಆ ದಿನ ಇಬ್ಬರನ್ನೂ ಕರೆದುಕೊಂಡು ಹೋಗಿ ಬನ್ನಿ ಅಂದೆ. ಹೌದು, ಹೋಗಿ ಬರ್ತೀನಿ ಅಂದರು. ಅತ್ತೆ ಒಳಗಿನಿಂದ, "ಕೂಸು ಮೊದಲೇ ಸಣಕಲು, ಜ್ವರ ಬಂದ್ರೆ ಯಾರಪ್ಪಾ ನೋಡ್ಕೊಳೋರು, ಸ್ವಲ್ಪ ತಡೆದು ನೋಡೋಣ" ಅಂದರು. ಅದಕ್ಕೂ ಇವರು ಹೌದಮ್ಮ, ತಡೆದು ನೋಡೋಣ ಅಂದರು. ಆ ವಾರ ತಡೆದರು. ಮುಂದಿನ ವಾರ ನಾನು ಜೋರು ಮಾಡಿದೆ, ಹೌದು ಹೌದು ಅಂದರು. ಅತ್ತೆ ಕಣ್ಣಲ್ಲಿ ನೀರು ಹಾಕಿಕೊಂಡರು, ಇವರು ಮತ್ತೆ ತಡೆದರು. ಅವರಿಗೆ ಲಸಿಕೆ ಬೇಡವಾಗಿರಲಿಲ್ಲ, ಬೇಕೂ ಆಗಿರಲಿಲ್ಲ. ಯಾರ ಗದ್ದವೂ ಅಲ್ಲಾಡಬಾರದು, ಅಷ್ಟೇ ಅವರಿಗೆ ಬೇಕಾಗಿದ್ದದ್ದು.

ಹೀಗೇ ವಾರಗಳು ಹೋದವು. ಪುಟ್ಟಿಗೆ ಜ್ವರ ಬಂತು. ಮೊದಲು ಕೆಮ್ಮು, ಆಮೇಲೆ ಸುಸ್ತು, ಆಮೇಲೆ ಉಸಿರಾಡುವಾಗ ಪಕ್ಕೆಲುಬಿನ ಸಂದು ಒಳಕ್ಕೆ ಎಳೆದುಕೊಳ್ಳುತ್ತಿತ್ತು. ಆಟೋದಲ್ಲಿ ಅವಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಆಸ್ಪತ್ರೆಗೆ ಹೋಗುವಾಗ ನಾನು ಗಂಡನ ಮುಖ ನೋಡಲಿಲ್ಲ. ನೋಡಿದ್ದರೆ ಬಾಯಿಗೆ ಬಂದದ್ದು ಅಂದುಬಿಡುತ್ತಿದ್ದೆ.

ಮಕ್ಕಳ ವಾರ್ಡಿನಲ್ಲಿ ಒಂದು ಮಗುವಿಗೆ ಒಬ್ಬರೇ ದೊಡ್ಡವರು. ಉಳಿದವರು ಗಾಜಿನ ಬಾಗಿಲಿನಾಚೆ, ಕಾರಿಡಾರಿನ ಬೆಂಚಿನ ಮೇಲೆ. ನಾನು ಒಳಗೆ, ಅವರು ಹೊರಗೆ. ಮಂಚಗಳ ನಡುವೆ ನೀಲಿ ಪರದೆ. ಪುಟ್ಟಿಯ ಮುಖಕ್ಕೆ ಆಮ್ಲಜನಕದ ಮಾಸ್ಕು, ಬೆರಳಿಗೆ ಬಟ್ಟೆ ಒಣಗಿಸುವ ಕ್ಲಿಪ್ಪಿನಂಥದ್ದು, ಅದರೊಳಗೆ ಕೆಂಪು ದೀಪ. ಆ ದೀಪ ನೋಡಿ ಅವಳು ಮೊದಲ ದಿನ, "ಅಮ್ಮಾ, ನನ್ನ ಬೆರಳು ಕಾಣುತ್ತೆ, ಒಳಗಡೆ ಕೂಡ" ಅಂದಳು. ಎರಡನೇ ದಿನ ಏನೂ ಅನ್ನಲಿಲ್ಲ. ಅವಳು ಮಾತಾಡದೇ ಇದ್ದದ್ದಕ್ಕೆ ನನ್ನ ಎದೆ ಒಡೆದುಹೋಯಿತು, ಏಕೆಂದರೆ ನಿದ್ದೆಯಲ್ಲೂ ಮಾತಾಡುವ ಹುಡುಗಿ ಅದು.

ಡಾಕ್ಟರಮ್ಮ ಸೇರಿಸಿಕೊಳ್ಳುವಾಗಲೇ ನಮ್ಮಿಬ್ಬರನ್ನೂ ನಿಲ್ಲಿಸಿ, "ಲಸಿಕೆ ಹಾಕಿಸಿದ್ರಾ?" ಅಂತ ಕೇಳಿದ್ದರು. ಗಂಡ ನನ್ನ ಕಡೆ ನೋಡಿದರು. ನಾನು ಗೋಡೆ ನೋಡಿದೆ. "ಹಾಕಿಸ್ಬೇಕು ಅಂತಿದ್ವಿ" ಅಂದರು ಅವರು. ಡಾಕ್ಟರಮ್ಮ ಬೈಯಲಿಲ್ಲ. "ಹಾಕಿಸಿದ್ರೆ ಜ್ವರ ಬರೋದೇ ಇಲ್ಲ ಅಂತಲ್ಲ. ಆದರೆ ಹಾಕಿಸಿದ ಮಕ್ಕಳು ಇಲ್ಲಿವರೆಗೂ ಬರೋದು ಕಡಿಮೆ. ಮನೇಲಿ ಚಿಕ್ಕವನೊಬ್ಬ ಇದ್ದಾನಲ್ಲ, ಅವನು ಹುಷಾರಾಗಿದ್ದರೆ ತಡಮಾಡಬೇಡಿ" ಅಂದರು. ಇವರು ಹೌದು ಮೇಡಂ ಅಂದರು. ಆ ಹೌದು ಕೇಳಿ ನನಗೆ ಮೈ ಉರಿದುಹೋಯಿತು. ಅವತ್ತಿನಿಂದ ನಾನು ಅವರ ಜೊತೆ ಮಾತು ಬಿಟ್ಟೆ. ಗಾಜಿನಾಚೆಯಿಂದ ಅವರು ಕೈಸನ್ನೆಯಲ್ಲಿ ಹೇಗಿದ್ದಾಳೆ ಅಂತ ಕೇಳಿದರೆ, ನಾನು ಪುಟ್ಟಿಯ ಹೊದಿಕೆ ಸರಿಮಾಡುವವಳ ಹಾಗೆ ತಿರುಗಿಕೊಳ್ಳುತ್ತಿದ್ದೆ.

ಪಕ್ಕದ ಮಂಚದಲ್ಲಿ ಗ್ಯಾರೇಜಿನವರ ಮಗ. ಗ್ಯಾರೇಜಿನವರು ಸಲೂನಿಗೆ ಬಹಳ ವರ್ಷದ ಗಿರಾಕಿ. ಅವರ ಹೆಂಡತಿ ಒಳಗೆ, ಅವರು ನನ್ನ ಗಂಡನ ಬೆಂಚಿನಲ್ಲೇ. ಆ ಹುಡುಗ ಪುಟ್ಟಿಗಿಂತ ದೊಡ್ಡವನು, ಗಟ್ಟಿ ಆಳು, ಬಂದ ದಿನ ಮಾಸ್ಕು ಕಿತ್ತು ಬಿಸಾಡಿ ನರ್ಸಿನ ಕೈಯಲ್ಲಿ ಬೈಸಿಕೊಂಡಿದ್ದ. ಮೂರನೇ ದಿನ ಮಧ್ಯಾಹ್ನ ಅವನಿಗೆ ಉಸಿರು ಹಿಡಿಯಿತು. ಮಂಚದ ಚಕ್ರದ ಬ್ರೇಕು ತೆಗೆದು, ಹುಡುಗನನ್ನು ಮಂಚದ ಸಮೇತ ತೀವ್ರ ನಿಗಾ ಘಟಕಕ್ಕೆ ತಳ್ಳಿಕೊಂಡು ಹೋದರು. ಅವನ ತಾಯಿ ಮಂಚದ ಹಿಂದೆ ಬರಿಗಾಲಲ್ಲಿ ಓಡಿದಳು. ಅವಳ ಚಪ್ಪಲಿ ಪರದೆಯ ಹತ್ತಿರ ಬಿದ್ದಿತ್ತು, ನಾನು ಎತ್ತಿ ಗೋಡೆಗೆ ಒರಗಿಸಿ ಇಟ್ಟೆ.

ಅವತ್ತು ಸಂಜೆ ಪುಟ್ಟಿ ನಿದ್ದೆ ಹೋದ ಮೇಲೆ, ನರ್ಸಿಗೆ ಹೇಳಿ, ಫ್ಲಾಸ್ಕು ಹಿಡಿದು ಬಿಸಿನೀರಿಗೆ ಹೊರಗೆ ಬಂದೆ. ಬಿಸಿನೀರಿನ ನಲ್ಲಿ ಕಾರಿಡಾರಿನ ತಿರುವಿನಲ್ಲಿದೆ, ಅಲ್ಲಿಂದ ಬೆಂಚು ಎರಡು ಮಾರು ದೂರ. ಗಂಡಸರಿಬ್ಬರೂ ನನಗೆ ಬೆನ್ನು ಮಾಡಿ ಕೂತಿದ್ದರು. ಮಾತು ಕೇಳಿ ನಾನು ನಲ್ಲಿ ತಿರುಗಿಸದೆ ನಿಂತೆ. ಕದ್ದು ಕೇಳುವುದು ತಪ್ಪು ಅಂತ ನನಗೂ ಗೊತ್ತು. ಆದರೂ ನಿಂತೆ.

"ನಿನ್ನ ಅಂಗಡೀಲಿ ಕೂತಿದ್ದಾಗ ನಾನು ಕೇಳಿದ್ದೆ, ನೆನಪಿದ್ಯಾ?" ಅಂದರು ಗ್ಯಾರೇಜಿನವರು. ಕೋಪದ ದನಿಯಲ್ಲ ಅದು, ಬಿಡಿಭಾಗ ಎಲ್ಲಿಟ್ಟೆ ಅಂತ ಕೇಳುವ ದನಿ. "ಮಕ್ಕಳಿಗೆ ಈ ಸೂಜಿ ಎಲ್ಲ ಬೇಡ ಅಂತ ನನ್ನ ಭಾಮೈದ ಹೇಳ್ತಾನೆ, ನನಗೂ ಹಾಗೇ ಅನ್ಸುತ್ತೆ ಅಂದೆ. ನೀನು ಸರಿ ಅಂದೆ."

ಇವರು ತಲೆ ತಗ್ಗಿಸಿದರು.

"ಪೇಟೆಯವರೆಲ್ಲ ನಿನ್ನ ಕುರ್ಚೀಲಿ ಕೂತು ಹೋಗ್ತಾರೆ. ಡಾಕ್ಟರೂ ಬರ್ತಾರೆ, ಮೇಷ್ಟ್ರೂ ಬರ್ತಾರೆ. ಎಲ್ಲರ ಮಾತೂ ನಿನ್ನ ಕಿವಿಗೆ ಬಿದ್ದಿರುತ್ತೆ. ನೀನು ಸರಿ ಅಂದ್ರೆ ಊರೇ ಸರಿ ಅಂದ ಹಾಗೆ ಅಂತ ತಿಳ್ಕೊಂಡೆ. ಮನೆಗೆ ಹೋಗಿ ಹೆಂಡತಿಗೂ ಅದನ್ನೇ ಹೇಳಿದೆ."

ನನ್ನ ಗಂಡ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ನನಗೆ ಇಷ್ಟು ದಿನ ಕೋಪ ಬಂದದ್ದು ನಮ್ಮ ಮನೆಯ ಸಲುವಾಗಿ ಮಾತ್ರ. ಆ ಹೌದು ಅಂಗಡಿಯ ಬಾಗಿಲು ದಾಟಿ ಬೇರೆಯವರ ಮನೆಗೂ ಹೋಗಿತ್ತು ಅನ್ನುವುದು ನನಗೂ ಹೊಳೆದಿರಲಿಲ್ಲ, ಅವರಿಗೂ ಹೊಳೆದಿರಲಿಲ್ಲ.

"ನಿನ್ನ ಮೇಲೆ ಹಾಕ್ತಿಲ್ಲ ಕಣಪ್ಪ. ಅಪ್ಪ ನಾನು, ನೀನಲ್ಲ," ಅಂದರು ಗ್ಯಾರೇಜಿನವರು. "ಈಗ ಕೇಳ್ತಿರೋದು ಬೇರೆ. ಮನೇಲಿ ಚಿಕ್ಕವಳಿದ್ದಾಳೆ, ಹುಷಾರಾಗಿದ್ದಾಳೆ. ಭಾಮೈದ ಈಗಲೂ ಬೇಡ ಅಂತಾನೆ, ಮನೇಲಿ ಇಷ್ಟು ಆಗಿರೋವಾಗ ಅದೊಂದು ಯಾಕೆ ಅಂತಾನೆ. ನೀನು ಹೇಳು."

"ಹಾಕಿಸಿ ಅಣ್ಣ. ನಾಳೆಯೇ ಹಾಕಿಸಿ."

ಗ್ಯಾರೇಜಿನವರು ಅವರ ಕಡೆ ಪೂರ್ತಿ ತಿರುಗಿ ಕೂತರು. "ಇದೂ ನನಗೆ ಬೇಕಾದ ಮಾತು ಅಂತ ಹೇಳ್ತಿದ್ದೀಯ? ನನ್ನ ಮುಖ ನೋಡಿ, ಇವನಿಗೆ ಈಗ ಇದೇ ಬೇಕು ಅಂತ?"

"ಇಲ್ಲ."

"ಹೇಗೆ ನಂಬಲಿ? ಇಷ್ಟು ವರ್ಷ ನಾನಂದದ್ದಕ್ಕೆ ನೀನು ಒಂದು ದಿನ ಅಲ್ಲ ಅಂದವನಲ್ಲ."

ಇವರು ಏನು ಹೇಳಿದರೂ ಅದು ಹಳೆಯ ಹೌದಿನ ಸಾಲಿಗೇ ಸೇರುತ್ತಿತ್ತು. ಆ ಮನುಷ್ಯ ಎದ್ದು ಹೋದರೆ ಚಿಕ್ಕವಳಿಗೆ ಸೂಜಿ ಬೀಳುವುದಿಲ್ಲ, ಅದು ಮೂವರಿಗೂ ಗೊತ್ತಿತ್ತು. ನಾನೇ ಹೋಗಿ ಹೇಳಿಬಿಡಲೇ ಅನ್ನಿಸಿತು. ಆದರೂ ನಲ್ಲಿಯ ಹತ್ತಿರವೇ ನಿಂತೆ.

ಗ್ಯಾರೇಜಿನವರು ಮಾಸ್ಕನ್ನು ಗದ್ದದ ಕೆಳಕ್ಕೆ ಎಳೆದರು. "ಸರಿ, ಒಂದು ಹೇಳು. ನನ್ನ ಮೀಸೆ ನನಗೆ ಒಪ್ಪುತ್ತಾ?"

ಅವರದು ಮೂಗಿನ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದ ಹಾಗಿನ ಮೀಸೆ. ಅದನ್ನು ತಿದ್ದುವುದೇ ನನ್ನ ಗಂಡ. ತಿದ್ದಿದಾಗಲೆಲ್ಲ ಕನ್ನಡಿ ಹಿಡಿದು, ನಿಮ್ಮ ಮುಖಕ್ಕೆ ಹೇಳಿ ಮಾಡಿಸಿದ ಹಾಗಿದೆ ಅಂದವರೂ ಅವರೇ.

"ಇಲ್ಲ," ಅಂದರು ಇವರು. "ಒಪ್ಪಲ್ಲ ಅಣ್ಣ. ಯಾವತ್ತೂ ಒಪ್ಪಿಲ್ಲ. ಮುಖ ಅಗಲ, ಮೀಸೆ ಸಣ್ಣ. ನೋಡಿದೋರು ಹಿಂದೆ ನಗ್ತಾರೆ."

ಗ್ಯಾರೇಜಿನವರು ಮೀಸೆಯ ಮೇಲೆ ಒಂದು ಸಲ ಬೆರಳಾಡಿಸಿದರು. ಅವರ ಮುಖ ಕೆಂಪಾಯಿತು. ಅವಮಾನ ಆಗಿತ್ತು, ನನಗೆ ಕಂಡಿತು. ಮಗ ನಿಗಾ ಘಟಕದಲ್ಲಿರುವಾಗ ಮೀಸೆಯ ಮಾತಿಗೆ ಅವಮಾನ ಆಗುತ್ತದೆಯೇ ಅಂದರೆ, ಆಗುತ್ತದೆ, ಮನುಷ್ಯರು ಅಲ್ಲವೇ. ಆಮೇಲೆ ಮಾಸ್ಕು ಮೇಲಕ್ಕೆಳೆದುಕೊಂಡು ಜೇಬಿನಿಂದ ಫೋನ್ ತೆಗೆದರು. "ಅಮ್ಮಾ, ನಾನು. ಹುಡುಗ ಹಾಗೇ ಇದ್ದಾನೆ. ನಾಳೆ ಬೆಳಗ್ಗೆ ಚಿಕ್ಕವಳನ್ನ ಸೂಜಿ ಹಾಕಿಸೋಕೆ ಕರ್ಕೊಂಡು ಹೋಗು. ಭಾಮೈದ ಏನಾದ್ರೂ ಹೇಳ್ಕೊಳ್ಳಲಿ, ಕೇಳ್ಬೇಡ. ಹೋಗು." ಫೋನ್ ಇಟ್ಟು, ಇವರ ಭುಜ ಮುಟ್ಟದೆ, ಏನೂ ಹೇಳದೆ, ನಿಗಾ ಘಟಕದ ಕಡೆ ನಡೆದರು.

ನಾನು ಬೆಂಚಿನ ಹತ್ತಿರ ಹೋದೆ. ಖಾಲಿ ಫ್ಲಾಸ್ಕು ಕೈಯಲ್ಲೇ ಇತ್ತು. ಮಾತು ಬಿಟ್ಟವಳು ನಾನು, ಮೊದಲು ಮಾತಾಡಿದವಳೂ ನಾನೇ. ಅಲ್ಲಿಯವರೆಗೆ ಯಾರನ್ನೂ ಕೇಳದೆ ಗಂಟಲಲ್ಲಿ ಹಿಡಿದಿಟ್ಟುಕೊಂಡದ್ದು ಅದೊಂದೇ ಮಾತು.

"ರೀ, ಪುಟ್ಟಿ ಹುಷಾರಾಗ್ತಾಳೆ ಅಲ್ವಾ?"

ಅವರು ತಲೆ ಎತ್ತಿ ನನ್ನನ್ನು ನೋಡಿದರು. ಬಾಯಿ ತೆರೆದರು, ಮುಚ್ಚಿದರು. ಆ ಪದ ನಾಲಿಗೆಯ ತುದಿಗೆ ಬಂದು ನಿಂತದ್ದು ನನಗೆ ಕಾಣುತ್ತಿತ್ತು. ವಾಪಸು ನುಂಗಿದ್ದೂ ಕಂಡಿತು.

"ಗೊತ್ತಿಲ್ಲ ಕಣೇ," ಅಂದರು.

ಮದುವೆಯಾದಾಗಿನಿಂದ ಯಾವ ಮಾತಿಗೆ ಅವರನ್ನು ಆಡಿಕೊಂಡೆನೋ, ಯಾವ ಮಾತಿಗೆ ಮೂರು ದಿನ ಮುಖ ತಿರುಗಿಸಿದ್ದೆನೋ, ಆ ಒಂದು ಹೌದು ನನಗೆ ಆ ಹೊತ್ತಿನಲ್ಲಿ ಬೇಕಾಗಿತ್ತು. ಸುಳ್ಳಾದರೂ ಪರವಾಗಿರಲಿಲ್ಲ. ಹೌದು ಅಂದುಬಿಡಬಾರದಾಗಿತ್ತೇ ಅಂತ ಮತ್ತೆ ಸಿಟ್ಟು ಬಂತು, ಆ ಸಿಟ್ಟಿನ ಜೊತೆಗೇ ಅಳು ಬಂತು. ಆಸ್ಪತ್ರೆಗೆ ಬಂದ ಮೇಲೆ ನಾನು ಅತ್ತದ್ದು ಅದೇ ಮೊದಲು.

ಪುಟ್ಟಿ ಆಮೇಲೆ ಮನೆಗೆ ಬಂದಳು, ಈಗ ನಿದ್ದೆಯಲ್ಲೂ ಮಾತಾಡುತ್ತಾಳೆ. ಗ್ಯಾರೇಜಿನವರ ಮಗನಿಗೆ ಬಹಳ ದಿನ ಹಿಡಿಯಿತು, ಅವನೂ ಬಂದ. ಎರಡೂ ಮನೆಯ ಚಿಕ್ಕವರಿಗೆ ಸೂಜಿ ಹಾಕಿಸಿದೆವು, ಅತ್ತೆಯೇ ಬಂದು ನಮ್ಮವನ ಕೈ ಹಿಡಿದುಕೊಂಡಿದ್ದರು. ಇದೆಲ್ಲ ಆ ಸಂಜೆ ಅವರಿಗೆ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಅವರು ಬೆಂಚಿನ ಮೇಲೆ ಸ್ವಲ್ಪ ಸರಿದು ಜಾಗ ಮಾಡಿಕೊಟ್ಟರು. ಗೊತ್ತಿಲ್ಲ ಅಂದವರ ಪಕ್ಕದಲ್ಲೇ ನಾನು ಕೂತೆ.