ಮಹೇಂದ್ರ ಈಗ ಬರೆಯುತ್ತಿದ್ದಾರೆ

ಬಿಳಿ ಪೆಟ್ಟಿಗೆ ಮತ್ತೆ ಅತ್ತಿತ್ತ ಅಲ್ಲಾಡಿತು, ಊಟ ಬೇಡವೆನ್ನುವ ಮಗು ತಲೆಯಾಡಿಸಿದ ಹಾಗೆ, ಪಾಸ್‌ವರ್ಡ್ ತಪ್ಪಾಗಿದೆ — ತಪ್ಪಾಗದೆ ಇನ್ನೇನು, ಒಂದು ಕೀ ಒತ್ತುವಲ್ಲಿ ಎರಡು ಒತ್ತುತ್ತಿದ್ದಾಳೆ, ಬೆನ್ನ ಹಿಂದೆ ರಘುನಾಥನ ಜೆರಾಕ್ಸ್ ಮಷೀನು ಬಿಸಿ ಕಾಗದದ ವಾಸನೆ ಬಿಡುತ್ತಾ ಒಂದೇ ಸಮನೆ ಕಾರ್ಡು ಉಗುಳುತ್ತಿದೆ, ತಮ್ಮನ ಹನ್ನೊಂದನೇ ದಿನದ ಕಾರ್ಡು, ಪದ್ಮಶ್ರೀ ಆ ಕಡೆ ತಿರುಗುವುದಿಲ್ಲ, ತಿರುಗಿದರೆ ಮಹೇಂದ್ರ ಅನ್ನುವ ಹೆಸರಿನ ಹಿಂದೆ ದಿವಂಗತ ಅಂತ ಇರುತ್ತದೆ, ಹಾಳೆ ಹಾಳೆಯಲ್ಲೂ ಇರುತ್ತದೆ, ಒಂದರಲ್ಲಾದರೂ ಮರೆತಿರಬಾರದೇ ಈ ರಘುನಾಥ. ಅಕ್ಕ, ಕಾರ್ಡ್ ಎಷ್ಟ್ ಜನಕ್ಕೆ ತಲುಪತ್ತೆ ಹೇಳಿ, ವೆಬ್‌ಸೈಟಲ್ಲಿ ಹಾಕ್ಬಿಡಿ, ಕೊಡಿಗೇಹಳ್ಳಿಯೋರೆಲ್ಲ ಬೆಳಿಗ್ಗೆದ್ದು ನೋಡೋದು ಅದನ್ನೇ ಅಲ್ವಾ, ಅಂದಿದ್ದ ಅವನು, ಅಂದು ತಾನೇ ಕಣ್ಣೊರೆಸಿಕೊಂಡಿದ್ದ, ಪಾಪ, ಸ್ಕೂಲಿನಿಂದ ಜೊತೆಗಿದ್ದವನು. ನೀರು ಎಂದು ಬರುತ್ತದೆ, ಯಾವ ಬೀದಿಯಲ್ಲಿ ಮನೆ ಬಾಡಿಗೆಗಿದೆ, ಯಾರ ಮನೆಯಲ್ಲಿ ಸಾವು, ಎಲ್ಲವನ್ನೂ ಊರಿಗೆ ತಿಳಿಸುತ್ತಿದ್ದದ್ದು ಮಹೇಂದ್ರನ ಆ ವೆಬ್‌ಸೈಟೇ, ಮನೆ ಬಾಡಿಗೆಯ ವಿಭಾಗ ನೀನು ನೋಡ್ಕೊ ಅಕ್ಕ ಅಂತ ಅವಳಿಗೂ ಒಂದು ಲಾಗಿನ್ ಮಾಡಿಕೊಟ್ಟಿದ್ದ, ನೀನ್ ಮರೀದೇ ಇರೋ ಒಂದ್ ಪದ ಹೇಳು, ಉಪ್ಸಾರು ಅಂದಿದ್ದಳು, ಥೂ, ಅಡ್ಮಿನ್ ಮಾಡ್ತೀನಿ ಅಂದ್ರೆ ಅಡುಗೆಮನೆಗೇ ಓಡ್ತಾಳೆ ನೋಡು. ಎಷ್ಟು ನಗುತ್ತಿದ್ದ, ಕುರ್ಚಿ ಹಿಂದಕ್ಕೆ ವಾಲಿಸಿ, ಬಿದ್ದೀಯ ಕಣೋ ಅಂದರೆ ಇನ್ನಷ್ಟು ವಾಲಿಸಿ. ಉ, ಪ್, ಸಾ, ರು — ಈ ಸಲ ಒಂದೊಂದೇ ಕೀ ಒತ್ತಿದಳು, ಪೆಟ್ಟಿಗೆ ಅಲ್ಲಾಡಲಿಲ್ಲ, ಒಳಗೆ ಬಿಟ್ಟಿತು.

ನಮಸ್ಕಾರ ಪದ್ಮಶ್ರೀ, ಅನ್ನುತ್ತದೆ ಮೇಲಿನ ಮೂಲೆ, ಪಕ್ಕದಲ್ಲಿ ಬೂದು ಬಣ್ಣದ ಒಂದು ತಲೆ, ಎರಡು ಭುಜ, ಮುಖವಿಲ್ಲ, ಫೋಟೋ ಹಾಕದವರಿಗೆಲ್ಲ ಇದೇ ತಲೆಯಂತೆ, ಒಂದು ಫೋಟೋ ಕೊಡೆ ಅಂತ ಅವನು ಕೇಳಿಕೇಳಿ ಸಾಕಾಗಿದ್ದ, ಮದುವೇದು ಬಿಟ್ರೆ ನಂದೆಲ್ಲೋ ಫೋಟೋ, ನೀನೂ ಹಾಕಿಲ್ವಲ್ಲ ಅಂದರೆ, ನನ್ ಮುಖ ಹಾಕಿದ್ರೆ ನೀರು ಬಂದಿಲ್ಲ ಅಂತ ಎಲ್ರೂ ನನ್ನೇ ಹಿಡ್ಕೊಂಡ್ ಬಾರಿಸ್ತಾರೆ ಅಕ್ಕ. ಹಾಗಾಗಿ ಅಕ್ಕ ತಮ್ಮ ಇಬ್ಬರೂ ಒಂದೇ ಬೂದು ತಲೆ, ಗುರುತು ಹತ್ತದವರು. ಇದೆಲ್ಲ ಇಂಗ್ಲಿಷಿನಲ್ಲಿತ್ತು, ಅಕ್ಕನಿಗೆ ಸುಲಭವಾಗಲಿ ಅಂತ ಕೂತು ಒಂದೊಂದು ಮಾತನ್ನೂ ಕನ್ನಡಕ್ಕೆ ತಿರುಗಿಸಿದ್ದ, ಪುಟಗಳು, ಚಿತ್ರಗಳು, ಬಳಕೆದಾರರು, ಅವಳು ಪುಟಗಳ ಮೇಲೆ ಒತ್ತುತ್ತಾಳೆ, ಮುಖಪುಟದ ಪ್ರಕಟಣೆ, ತಿದ್ದು — ತಿದ್ದಲು ಬಿಡಲಿಲ್ಲ. ಪರದೆಯೆಲ್ಲ ಮಂಕಾಯಿತು, ನಡುವೆ ಒಂದು ಪೆಟ್ಟಿಗೆ ಬಂತು, ಪೆಟ್ಟಿಗೆಯಲ್ಲಿ ಅದೇ ಬೂದು ತಲೆ, ಅದೇ ಭುಜ, ಪಕ್ಕದಲ್ಲಿ ಅಕ್ಷರ. ಮಹೇಂದ್ರ ಈಗ ಬರೆಯುತ್ತಿದ್ದಾರೆ. ನೀವು ವಹಿಸಿಕೊಳ್ಳುವಿರಾ?

ಮೂಢೆ ಅಂತ ತನ್ನನ್ನೇ ಬೈದುಕೊಂಡಳು, ಆದರೂ ಅರೆಗಳಿಗೆ ನಂಬಿಯೇಬಿಟ್ಟಳು, ಬರೆಯುತ್ತಿದ್ದಾನೆ, ಮನೆಯ ಹಿಂದಿನ ರೂಮಿನಲ್ಲಿ ಲುಂಗಿ ಎತ್ತಿ ಕಟ್ಟಿ ಕುರ್ಚಿ ವಾಲಿಸಿ ಕೂತು — ಬರೆಯುತ್ತಲೇ ಇದ್ದನಲ್ಲ ಆ ಶುಕ್ರವಾರವೂ, ಅಮ್ಮ ನಡುಮನೆಯಿಂದ ಕೂಗಿದ್ದು, ಮಯೇಂದ್ರ, ಎಲೆ ಅಡಿಕೆ ಮುಗ್ದೋಯ್ತು ಕಣ್ಲ, ಅವನು ಗೊಣಗುತ್ತಾ ಬೈಕಿನ ಕೀ ತಗೊಂಡಿದ್ದು, ಐದ್ ನಿಮಿಷ ಬಂದೆ. ಸರ್ವಿಸ್ ರಸ್ತೆಯಲ್ಲಿ ನೀರಿನ ಟ್ಯಾಂಕರು. ಆಸ್ಪತ್ರೆಯಲ್ಲಿ ಬಟ್ಟೆ ಸರಿಸಿದಾಗ ನೋಡಿದವಳು ಪದ್ಮಶ್ರೀ ಒಬ್ಬಳೇ, ನೋಡಬಾರದಿತ್ತು, ನೋಡಿದ್ದನ್ನು ಯಾರಿಗೂ ಹೇಳಿಲ್ಲ, ಗಂಡನಿಗೂ ಹೇಳಿಲ್ಲ, ಮುಚ್ಚಿಬಿಡಿ, ಬಿಗಿಯಾಗಿ ಸುತ್ತಿಬಿಡಿ, ನಮ್ಮಮ್ಮ ಬಿಚ್ಚಬಾರದು, ಅಂದದ್ದು ಅವಳೇ. ಮನೆಗೆ ತಂದದ್ದು ಬಿಳಿ ಬಟ್ಟೆಯ ಒಂದು ತಲೆ, ಎರಡು ಭುಜ. ಅಮ್ಮ ಎಲ್ಲರ ಕಾಲು ಹಿಡಿದಳು, ಮೊಕ ಒಂದ್ ಕಿತ ತೋರಿಸ್ರಪ್ಪ, ಒಂದೇ ಕಿತ, ಪದ್ಮಶ್ರೀ ಅಡ್ಡ ಕೂತಳು, ಬೇಡಮ್ಮ, ಮಲ್ಗಿರೋ ಹಂಗೇ ಇದಾನೆ, ಬೇಡ. ಮಲ್ಗಿರೋ ಅಂಗೇ ಇದ್ರೆ ಯಾಕೆ ತೋರ್ಸಾಕಿಲ್ಲ ಅಂದಳು ಅಮ್ಮ.

ಶನಿವಾರ ಮಣ್ಣು ಮಾಡಿ ಬಂದಾಗ ಮನೆಯಲ್ಲಿ ಕರೆಂಟಿಲ್ಲ, ಬೀದಿಯಲ್ಲೇ ಇಲ್ಲ, ಇಡೀ ದಿನ ಇಲ್ಲವಂತೆ, ಯಾರಿಗೂ ಗೊತ್ತಿರಲಿಲ್ಲ, ಗೊತ್ತು ಮಾಡುತ್ತಿದ್ದವನನ್ನೇ ಹೂತು ಬಂದಿದ್ದರಲ್ಲ. ಕತ್ತಲಾದ ಮನೆಯಲ್ಲಿ ಬೆಳಗುತ್ತಿದ್ದದ್ದು ಎರಡೇ, ಅವನ ತಲೆ ಇಟ್ಟಿದ್ದ ಜಾಗದಲ್ಲಿ ಹಚ್ಚಿದ್ದ ದೀಪ, ಹಿಂದಿನ ರೂಮಿನ ಕಂಪ್ಯೂಟರು. ಇನ್ವರ್ಟರ್ ಮೇಲೆ ಓಡ್ತಿದೆ, ಆರಿಸ್ಬಿಡ್ಲಾ ಅಂತ ರಘುನಾಥ ಕೈ ಚಾಚಿದ, ಅಮ್ಮ ಹುಲಿಯ ಹಾಗೆ ಎದ್ದಳು, ಮುಟ್ಬೇಡ, ಅವ್ನ ಕೆಲ್ಸ ಅರ್ದಕ್ಕೇ ಐತೆ, ಬಂದು ಅವ್ನೇ ಆರಿಸ್ತಾನೆ. ಹನ್ನೊಂದು ದಿನ ದೀಪ ಆರಬಾರದು ಅಂತ ಹೇಳಿದ್ದರು ಹಿರಿಯರು, ಅಮ್ಮ ದೀಪವನ್ನೂ ಎತ್ತಿಕೊಂಡು ಹೋಗಿ ಕಂಪ್ಯೂಟರಿನ ಪಕ್ಕ ಇಟ್ಟಳು, ಫ್ಯಾನ್ ಆರಿಸಿ, ಲೈಟು ಆರಿಸಿ, ಇನ್ವರ್ಟರ್ ಅದೊಂದಕ್ಕೇ ಸಾಲಲಿ ಅಂತ ಆ ಸೆಕೆಯಲ್ಲಿ ನೆಲದ ಮೇಲೆ ಕೂತಳು, ಅಂದಿನಿಂದ ಕೂತೇ ಇದ್ದಾಳೆ, ಓದಲು ಬಾರದ ಅಕ್ಷರಗಳನ್ನು ನೋಡುತ್ತಾ. ಎಲೆ ಅಡಿಕೆ ಬಾಯಿಗೆ ಹಾಕಿಲ್ಲ. ಸತ್ತ ಅಂತೀರಲ್ಲ, ಮೊಕ ನೋಡ್ದೆ ಎಂಗೆ ನಂಬ್ಲಿ, ಅನ್ನುತ್ತಾಳೆ, ಬಂದವರೆಲ್ಲರಿಗೂ ಅದನ್ನೇ ಅನ್ನುತ್ತಾಳೆ, ಆ ಮನೆಯಲ್ಲಿ ಕೀಬೋರ್ಡು ಮುಟ್ಟುವ ಹಾಗಿಲ್ಲ, ಅದಕ್ಕೇ ತಾನೇ ಪದ್ಮಶ್ರೀ ಅಮೃತಹಳ್ಳಿಯ ಈ ಅಂಗಡಿಗೆ ಬಂದು ಕೂತಿರುವುದು.

ಅಕ್ಕ, ಅಲ್ಲಿ ಅವನ್ ಪೇಜ್ ಇನ್ನೂ ಓಪನ್ ಇದೆಯಲ್ಲ, ಅದಕ್ಕೇ ಹಂಗ್ ತೋರಿಸ್ತಿದೆ, ವಹಿಸಿಕೊಳ್ಳಿ ಅಂತಿದೆ ನೋಡಿ, ಒತ್ತಿ, ರಘುನಾಥ ಹಿಂದಿನಿಂದ ಮೆಲ್ಲಗೆ ಹೇಳುತ್ತಾನೆ. ಒತ್ತಿ ಅಂದಷ್ಟು ಸುಲಭವೇ, ತಮ್ಮನ ಕೈಯಿಂದ ಕಸಿದು ಅವನ ಸಾವನ್ನೇ ಅಲ್ಲಿ ಬರೆಯುವುದು, ಒತ್ತಿದರೆ ಈ ಸಾಲು ಹೋಗುತ್ತದೆ, ಪ್ರಪಂಚದಲ್ಲಿ ಅವನು ಈಗ ಏನನ್ನೋ ಮಾಡುತ್ತಿದ್ದಾನೆ ಅನ್ನುವ ಮಾತು ಉಳಿದಿರುವುದು ಈ ಪೆಟ್ಟಿಗೆಯಲ್ಲಿ ಮಾತ್ರ, ಬರೆಯುತ್ತಿದ್ದಾರೆ, ಬಹುವಚನ ಬೇರೆ, ಮನೇಲಂತೂ ಯಾರೂ ಕೊಡಲ್ಲ, ನಾನೇ ಕೊಟ್ಕೊಂಡಿದೀನಿ ಅಂತ ನಕ್ಕಿದ್ದ. ಇನ್ನೊಂದು ನಿಮಿಷ ಬರೆಯಲಿ. ಇನ್ನೊಂದು. ಮಷೀನು ನಿಂತಿತು, ಕಾರ್ಡು ಮುಗಿದವು, ನಾಡಿದ್ದು ಊರು ಊಟಕ್ಕೆ ಬರಬೇಕು, ಒತ್ತಿದಳು. ಮಂಕು ಸರಿದು ಅವನ ಬರಹ ತೆರೆಯಿತು, ನಾಳೆ ಶನಿವಾರ ಕೊಡಿಗೇಹಳ್ಳಿ ಸುತ್ತಮುತ್ತ ಬೆಳಿಗ್ಗೆಯಿಂದ ಸಂಜೆಯವರೆಗೆ ಕರೆಂಟ್ — ಅಷ್ಟೇ, ಅಲ್ಲಿಗೇ ಅಮ್ಮ ಕೂಗಿರಬೇಕು. ಅಳಿಸಬೇಕು, ಕೈ ಬರುತ್ತಿಲ್ಲ, ಇರುವುದಿಲ್ಲ ಅಂತ ಸೇರಿಸಿ ಮುಗಿಸಲೇ, ಒಂದು ಪದ, ಒಂದೇ ಪದ ಬಾಕಿ ಇಟ್ಟು ಹೋದನಲ್ಲ ಅಂದುಕೊಳ್ಳುವಷ್ಟರಲ್ಲಿ ಫೋನು ಬಡಿದುಕೊಂಡಿತು, ಮನೆಯದು, ಅಮ್ಮ.

ಪದ್ದು, ಬಿರ್ನೆ ಬಾರೆ, ಅಮ್ಮನಿಗೆ ಉಸಿರು ಸಿಗುತ್ತಿಲ್ಲ, ಕಂಪೂಟ್ರಾಗೆ ಯಾರೋ ಬಂದವ್ರೆ ಕಣೆ, ಇಷ್ಟ್ ದಿನ ಬರೀ ಅಕ್ಸರ ಇತ್ತು, ಈಗ ಒಂದ್ ಪೆಟ್ಗೆ ಬಂದೈತೆ, ಪೆಟ್ಗೆ ಒಳ್ಗೆ ಬಂದು ಕುಂತವ್ರೆ — ಅಮ್ಮ ಅದು ನಾನಮ್ಮ, ಅನ್ನಬೇಕು, ನಾನು ಇಲ್ಲಿ ಒತ್ತಿದ್ದಕ್ಕೆ ಅಲ್ಲಿ ಬಂದದ್ದು, ಪದ್ಮಶ್ರೀ ವಹಿಸಿಕೊಂಡಿದ್ದಾರೆ ಅಂತ ಬರೆದಿದೆ ಅಲ್ಲಿ, ಅನ್ನಬೇಕು, ಅನ್ನಲು ಅಮ್ಮ ಬಿಡುತ್ತಿಲ್ಲ, ತಲೆ ಕಾಣ್ತೈತೆ ಕಣೆ, ಬುಜ ಕಾಣ್ತೈತೆ, ಕೈಯಾಗ್ ಮುಟ್ ನೋಡ್ದೆ, ಬೆಚ್ಗೈತೆ, ಮೊಕ ಮಾತ್ರ ಕಾಣಾಕಿಲ್ಲ, ನಮ್ಮ ಮಯೇಂದ್ರಾನೇನೇ, ನೀನ್ ನೋಡಿದ್ದೆಯಲ್ಲ, ನೀನೊಬ್ಳೇ ನೋಡಿದ್ದಲ್ವೇನೆ, ಹೇಳೆ, ಇಂಗೇ ಇದ್ನಾ — ಬಿಳಿ ಬಟ್ಟೆ, ಒಂದು ತಲೆ, ಎರಡು ಭುಜ, ಹೇಳೆ ಪದ್ದು, ಬೂದು ತಲೆ, ಬೂದು ಭುಜ, ಮುಖವಿಲ್ಲ, ಇಂಗೇ ಇದ್ನಾ, ಮುಖವಿಲ್ಲ