ಗಾಳಿಬಾಣೆ

ತಿರುಗುತ್ತಿದೆ ಬೆರಳು, ಇಂಜಿನಿಯರ್ ಶಾಂತಪ್ಪನವರ ತೋರುಬೆರಳು, ಹೀಗೆ ತಿರುಗುತ್ತೆ ನೋಡಿ ರೆಕ್ಕೆ, ತಿರುಗಿದಷ್ಟೂ ಕರೆಂಟು, ಸೀಮೆಎಣ್ಣೆಗೆ ಅಲೆಯೋದು ಬೇಡ, ಲಾಟೀನಿನ ಗಾಜು ಒರೆಸೋದು ಬೇಡ — ಮೈಸೂರು ಕಡೆಯ ಮಾತು, ಅವಸರವೇ ಇಲ್ಲದ್ದು, ಒಳ್ಳೆಯ ಮನುಷ್ಯನೇ ಇರಬೇಕು ಪಾಪ, ಹಾಡಹಗಲಲ್ಲಿ ಮಫ್ಲರು ಬೇರೆ ಸುತ್ತಿಕೊಂಡಿದ್ದಾರೆ, ಈ ಗಾಳಿಯನ್ನು ಹಿಡಿಯಲು ಬಂದವರಿಗೆ ಈ ಗಾಳಿಗೇ ಹೆದರಿಕೆ, ಬೊಳ್ಳಮ್ಮನಿಗೆ ನಗು ಬರುವುದರಲ್ಲಿತ್ತು, ಬರಲಿಲ್ಲ, ಶಾಲೆಯ ಜಗುಲಿಯಲ್ಲಿ ಹೆಂಗಸರ ಸಾಲಿನ ತುದಿಗೆ ಗೋಡೆಗೊರಗಿ ಕೂತು ಅವಳು ಆ ಬೆರಳಿನಾಚೆ ನೋಡುತ್ತಿದ್ದಾಳೆ, ಕುರ್ಚಿಯ ಮೇಲೆ ಕಾಲಿನ ಮೇಲೆ ಕಾಲು ಹಾಕಿ ಕೂತ ಭಾವನನ್ನು, ಗಂಡನ ಅಣ್ಣ ಮೊಣ್ಣಪ್ಪನನ್ನು, ಊರಿನ ಪಟೇಲ, ನಗುತ್ತಾನೆ, ಅಧಿಕಾರಿಗಳ ಎದುರು ಯಾವಾಗಲೂ ಹೀಗೇ ನಗುತ್ತಾನೆ, ನಗು, ನಗು, ಇನ್ನು ಸ್ವಲ್ಪ ಹೊತ್ತು. ಗಂಡಸರ ಸಾಲಿನಿಂದ ಊರಿನ ತಮಾಷೆಗಾರ ಚಿನ್ನ ಎದ್ದು ಕೇಳುತ್ತಾನೆ, ಗಾಳಿಯನ್ನೆಲ್ಲ ನೀವೇ ಹಿಡ್ಕಂಡ್ರೆ ಮಳೆಗಾಲದ ಮೋಡ ತಳ್ಳುದು ಯಾರ್ ಸ್ವಾಮಿ, ಎಲ್ಲರೂ ಗೊಳ್ಳೆಂದರು, ಇಂಜಿನಿಯರೂ ನಕ್ಕರು, ಆಮೇಲೆ ಮೇಜಿನ ಮೇಲಿನ ನಕ್ಷೆ ಹಾರದಂತೆ ಅಂಗೈ ಊರಿ ಹೇಳಿದರು, ನೋಡಿ, ಇದು ಸರ್ಕಾರದವರು ಪರೀಕ್ಷೆಗೆ ಅಂತ ಮಾಡ್ತಿರೋದು, ಕಡವೆಮೊಟ್ಟೆ ಗುಡ್ಡದ ನೆತ್ತಿ ಮೇಲೆ ಯಂತ್ರ ಕೂರಿಸೋದೇನೋ ಸುಲಭ, ಆದ್ರೆ ಅಲ್ಲಿ ಹುಟ್ಟಿದ ಕರೆಂಟು ಕೆಳಗಿಳಿದು ಕುಶಾಲನಗರದ ಲೈನಿಗೆ ಕೂಡಬೇಕಲ್ಲ, ದಾರಿ ಯಾರದೋ ಜಮೀನಲ್ಲೇ ಬರ್ಬೇಕು, ನಾವು ಹೇರೋಕೆ ಬಂದಿಲ್ಲ, ಕೇಳೋಕೆ ಬಂದಿದೀವಿ. ಕೇಳೋಕೆ. ಆ ಮಾತು ಬೊಳ್ಳಮ್ಮನ ಹೊಟ್ಟೆಯೊಳಗೆ ತಣ್ಣಗೆ ಇಳಿಯಿತು, ಈ ಊರಿಗೆ ಮದುವೆಯಾಗಿ ಬಂದಲ್ಲಿಂದ ಇವತ್ತಿನವರೆಗೆ ಅವಳನ್ನು ಯಾರೂ ಏನನ್ನೂ ಕೇಳಿರಲಿಲ್ಲ.

ಮೊಟ್ಟೆಯ ಒಂದು ಮಗ್ಗುಲಿಗೆ ದೇವರಕಾಡು, ಅಲ್ಲಿ ಒಂದು ಕಡ್ಡಿ ಮುರಿಯುವಂತಿಲ್ಲ, ಹಿಂದೆ ಪಾತಾಳದಂಥ ಕೊಲ್ಲಿ, ಉಳಿದದ್ದು ಎರಡೇ ದಾರಿ, ಒಂದು ಮೊಣ್ಣಪ್ಪನ ಕಾಫಿ ತೋಟದ ನಡುವೆ, ತಂತಿಯ ಕೆಳಗಿನ ನೆರಳಿನ ಮರಗಳನ್ನೆಲ್ಲ ಸಾಲಾಗಿ ಕಡಿಯಬೇಕು, ಬಿಸಿಲಿಗೆ ಬಿದ್ದ ಗಿಡ ಸುಟ್ಟುಹೋಗುತ್ತದೆ, ಇನ್ನೊಂದು ಗಾಳಿಬಾಣೆಯ ಮೇಲೆ, ಅವಳ ಬಾಣೆ, ಹುಲ್ಲು ಬಿಟ್ಟರೆ ಕಲ್ಲು, ಕಲ್ಲು ಬಿಟ್ಟರೆ ಗಾಳಿ. ಗಂಡ ಧರ್ಮಪಾಲ ಪಾಲು ಕೇಳಿದ್ದಕ್ಕೆ ಅಣ್ಣ ಕೊಟ್ಟದ್ದು ಅದನ್ನು, ತೋಟ ನಂಗಿರ್ಲಿ, ನಿಂಗೆ ಗಾಳಿ ಬೆಳಕು ಚೆನ್ನಾಗುಟ್ಟು ಅಲ್ಲಿ, ಎಂದು ನಾಲ್ಕು ಜನರ ಮುಂದೆ ತಮಾಷೆ ಮಾಡಿದ್ದ, ಇವರೂ ನಕ್ಕು ತಲೆಯಾಡಿಸಿ ಬಂದಿದ್ದರು, ಸೌಮ್ಯ ಮನುಷ್ಯ, ಹೆಂಡತಿಗೂ ಗದರದವರು, ಆ ಬಾಣೆಯ ಅಂಚಿಗೆ ಹುಲ್ಲಿನ ಮನೆ ಕಟ್ಟಿ ಕಾಫಿ ಗಿಡ ನೆಟ್ಟರೆ ಹೂ ಅರಳಿದ ದಿನವೇ ಗಾಳಿ ಉದುರಿಸುವುದು, ಎದೆಗೆ ಚಳಿ ಹೊಕ್ಕು ಕೆಮ್ಮು, ಕೆಮ್ಮಿನ ಹಿಂದೆ ಜ್ವರ — ಈಗ ನೋಡು, ಆ ದರಿದ್ರ ಗಾಳಿಗೇ ಮೈಸೂರಿನಿಂದ ಜೀಪು ಹತ್ತಿ ಬಂದಿದ್ದಾರೆ, ಆ ಬೋಳು ಬಾಣೆಯೇ ಇಡೀ ಊರಿನ ಕುತ್ತಿಗೆ, ಹಿಡಿದರೆ ಉಸಿರಿಲ್ಲ. ಮೊಣ್ಣಪ್ಪನ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಗೋಣಿ ಹೊದ್ದು ಕೂತಿದೆಯಂತೆ ಅಕ್ಕಿ ಮಿಲ್ಲಿನ ಮೋಟಾರು, ಕರೆಂಟು ಬರುವ ಮೊದಲೇ ತರಿಸಿಬಿಟ್ಟಿದ್ದಾನೆ, ಬಾಣೆ ಬೊಳ್ಳಮ್ಮನದು, ಬೊಳ್ಳಮ್ಮ ನಮ್ಮವಳು, ಅವಳೆಂಥ ಹೇಳುದು, ಎಂದುಕೊಂಡಿರಬೇಕು, ಹೇಳುತ್ತಾಳೆ, ಇಷ್ಟು ವರ್ಷ ಬಾಯಿಗೆ ಬೀಗ ಹಾಕಿಕೊಂಡದ್ದು ಮಗಳು ಕಮಲನಿಗಾಗಿ, ತಂದೆಯಿಲ್ಲದ ಹುಡುಗಿಯ ಮದುವೆಗೆ ದೊಡ್ಡಪ್ಪ ನಿಂತು ಧಾರೆ ಎರೆಯಬೇಕಿತ್ತು, ಎರೆದ, ಹೋದ ಬೇಸಗೆಯಲ್ಲಿ ಕಮಲ ಚೆಟ್ಟಳ್ಳಿಯ ಒಳ್ಳೆಯ ಮನೆ ಸೇರಿದಳು, ಸೇರಿದ ಮರುದಿನ ಬೊಳ್ಳಮ್ಮ ಬಾಗಿಲು ಹಾಕಿಕೊಂಡು ಗೋಡೆಗೆ ಹೇಳಿದಳು, ಇನ್ನು ನಾನು ಯಾರಿಗೂ ಹೆದರಬೇಕಿಲ್ಲ. ಗೋಡೆಗೇ ಹೇಳಿಕೊಂಡದ್ದು, ಬೇರೆ ಯಾರಿದ್ದರು.

ಅವತ್ತು, ಕಮಲ ಇನ್ನೂ ಚಿಕ್ಕವಳು, ಕೈಲು ಮುಹೂರ್ತ, ನಾಟಿ ಮುಗಿದು ಕೋವಿಗೆ ಪೂಜೆ ಮಾಡುವ ಹಬ್ಬ, ಬೆಳಗ್ಗೆ ಇನ್ನೂ ಇಬ್ಬನಿ ಆರಿರಲಿಲ್ಲ, ಧರ್ಮಪಾಲ ನೀರು ಎಂದರು, ಅವಳು ಚೊಂಬು ಹಿಡಿದು ಬರುವಷ್ಟರಲ್ಲಿ ಕಣ್ಣು ಸೂರಿನ ಹುಲ್ಲಿನಲ್ಲಿ ನೆಟ್ಟಿತ್ತು, ಅಷ್ಟೇ, ಒಂದು ಮಾತಿಲ್ಲ. ಈ ನಾಡಿನಲ್ಲಿ ಗಂಡು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು, ಎರಡು ಗುಂಡು ಒಂದರ ಹಿಂದೆ ಒಂದು ಕೇಳಿತೋ ಗದ್ದೆಯಲ್ಲಿದ್ದವನು ಗುದ್ದಲಿ ಅಲ್ಲೇ ಬಿಡುತ್ತಾನೆ, ಒಲೆಯ ಮುಂದಿನವಳು ಸೌದೆ ಹಿಂದಕ್ಕೆಳೆಯುತ್ತಾಳೆ, ಯಾರು ಯಾರು ಎನ್ನುತ್ತ ಏರು ಹತ್ತಿ ಓಡಿ ಬರುತ್ತಾರೆ, ಜಗಳವಾಡಿದವರೂ ಬರುತ್ತಾರೆ, ಬರಲೇಬೇಕು. ಅವಳು ಓಡಿದ್ದಳು ದೊಡ್ಡಮನೆಗೆ, ಹಿತ್ತಲ ಬಾಗಿಲಿಗೆ, ಭಾವ, ಹೋಗಿಬಿಟ್ರ್, ಗುಂಡು ಹೊಡೀರಿ ಭಾವ — ಮೊಣ್ಣಪ್ಪ ಹಬ್ಬದ ಬಟ್ಟೆಯಲ್ಲಿ, ಹಣೆಗೆ ಗಂಧ, ಅವಳ ಜೊತೆ ಬಾಣೆಯವರೆಗೆ ಬಂದು ಹೊಸಿಲಲ್ಲೇ ನಿಂತು ತಮ್ಮನನ್ನು ನೋಡಿದ, ಒಳಗೆ ಕಾಲಿಡಲಿಲ್ಲ, ನೋಡಿ ಹೇಳಿದ, ತಾಲೂಕಿನ ಸುಬೇದಾರರನ್ನ ಊಟಕ್ಕೆ ಕರ್ದುಟ್ಟು, ಗುಂಡು ಹೊಡ್ದರೆ ಸೂತಕ, ಮನೇಲಿ ಮಾಡಿದ್ದೆಲ್ಲ ತಿಪ್ಪೆಗೆ, ಹೊತ್ತು ಮುಳುಗುವವರೆಗೆ ಯಾರಿಗೂ ಹೇಳ್ದು ಬೇಡ, ಬಾಗಿಲು ಹಾಕ್ಕಂಡ್ ಕೂರ್, ಕಮಲನ ಮುಂದಿನ ದಾರಿ ನಂಗೆ ಬಿಡ್. ಬಾಗಿಲು ಹಾಕಿಕೊಂಡು ಕೂತಳು. ಮಗಳ ಬಾಯಿಗೆ ಸೆರಗು ತುರುಕಿ ಕೂತಳು, ಅಳಬೇಡ, ಅಳಬೇಡ ಮಗಾ. ಮಧ್ಯಾಹ್ನ ಬಾಳೆಲೆಯಲ್ಲಿ ಕಡುಬು, ಹಂದಿ ಮಾಂಸ ಕಳಿಸಿದ್ದ, ಮೂವರಿಗಾಗುವಷ್ಟು, ಸತ್ತವರ ಪಾಲೂ ಸೇರಿಸಿ, ನೋಡಿದವರಿಗೆ ಅನುಮಾನ ಬರಬಾರದಲ್ಲ, ಆ ಎಲೆಯ ಬಿಸಿ ಹೆಣದ ಕಾಲ ಬುಡದಲ್ಲೇ ಆರಿತು. ಆಮೇಲೆ ಶುರುವಾಯಿತು ಕೋವಿ, ಮರದ ತುದಿಗೆ ತೆಂಗಿನಕಾಯಿ ಕಟ್ಟಿ ಗುರಿ ಹೊಡೆಯುವ ಆಟ, ಢಂ, ಕೇಕೆ, ಢಂ, ಮತ್ತೆ ಕೇಕೆ, ಒಂದೊಂದು ಗುಂಡಿಗೂ ಅವಳ ಎದೆ ಹಾರುವುದು, ಈಗ, ಈಗ ಇನ್ನೊಂದು ಬೇಗ ಬಂದರೆ ಇವರಿಗೇ ಎಂದಾದೀತು, ಯಾರಾದರೂ ತಪ್ಪಿಯಾದರೂ ಓಡಿ ಬಂದಾರು, ಕಿಂಡಿಯಿಂದ ಇಳಿಜಾರನ್ನು ನೋಡಿದಳು, ಯಾರೂ ಇಲ್ಲ, ಹುಲ್ಲು ಮಲಗಿ ಏಳುತ್ತಿತ್ತು. ಸಂಜೆ ಬಂದ, ಬಾಯಿಯಲ್ಲಿ ಎಲೆಯಡಿಕೆ, ಇನ್ನು ಹೇಳಕ್ಕು, ಈಗ ತಾನೇ ಹೋದ್ರ್ ಅಂತ ಹೇಳ್, ಗುಂಡು ಭಾವ ಅಂದಳು, ಕೋವಿಯ ತೋಟಾ ಎಲ್ಲ ಮುಗ್ದುಟ್ಟು ಅಂದ. ಕಾಯಿಗೆ ಇತ್ತು, ತಮ್ಮನಿಗೆ ಇರಲಿಲ್ಲ. ಗುಂಡಿಲ್ಲದ ಸಾವಿಗೆ ಎಷ್ಟು ಜನ ಬರುತ್ತಾರೆ, ನೆರೆಯವರು ನಾಲ್ಕು ಜನ ಬಂದರು, ಹಬ್ಬದ ಅಮಲಿನಲ್ಲಿ ಹೆಣ ಹೊತ್ತವರ ಕಾಲು ತಡವರಿಸುತ್ತಿತ್ತು.

ಬೊಳ್ಳಮ್ಮನವರ ಬಾಣೆ ವಿಷಯ ಎನ್ನುತ್ತಿದ್ದಾರೆ ಇಂಜಿನಿಯರು, ಅವಳ ಹೆಸರು ಆ ಬಾಯಲ್ಲಿ ಹೊಸದಾಗಿ ಕೇಳುತ್ತದೆ, ಬೊಳ್ಳಮ್ಮನವರು ಅಂದ್ರೆ ಯಾರು, ಬಂದಿದಾರಾ — ಅದಕ್ಕೆಂಥ ಸ್ವಾಮಿ, ಮೊಣ್ಣಪ್ಪ ಕುರ್ಚಿಯಿಂದಲೇ ಕೈ ಬೀಸಿದ, ಅದು ನನ್ನ ತಮ್ಮನ ಹೆಂಡ್ತಿ, ಮನೆಯವಳೇ, ಒಪ್ಪಿಗೆ ಉಂಟು ಅಂತ ಬರ್ಕೊಳಿ, ನಾನು ಹೇಳಿದ್ಮೇಲೆ ಆಯ್ತು. ಆಯ್ತು. ಅವಳು ಎದ್ದು ನಿಂತಳು. ಆಗ್ಲಿಲ್ಲ ಸ್ವಾಮಿ, ಬೊಳ್ಳಮ್ಮ ನಾನು, ನನ್ನನ್ನ ಕೇಳ್ಬೇಕು ನೀವು — ಧ್ವನಿ ಇಷ್ಟು ದೊಡ್ಡದಿದೆಯೆಂದು ಅವಳಿಗೇ ಗೊತ್ತಿರಲಿಲ್ಲ, ಹೆಂಗಸರೆಲ್ಲ ತಿರುಗಿದರು, ಮೊಣ್ಣಪ್ಪನ ಹೆಂಡತಿ ತಂಗಮ್ಮ ಸೆರಗು ಎಳೆದಳು, ಕೂರ್ ಬೊಳ್ಳಮ್ಮ, ಎಂಥ ಇದ್, ಎಳೆದ ಕೈಯನ್ನು ಬಿಡಿಸಿಕೊಂಡಳು. ಕೇಳ್ತೀನಮ್ಮಾ, ನಿಮ್ಮನ್ನೇ ಕೇಳ್ತೀನಿ, ಒಪ್ಪಿಗೆ ಇದೆಯಾ. ಉಂಟು, ಒಂದು ಮಾತಿನ ಮೇಲೆ, ನಮ್ಮ ಭಾವ ಈಗ, ಈ ಶಾಲೆ ಅಂಗಳದಲ್ಲಿ, ಎಲ್ಲರ ಮುಂದೆ ಎರಡು ಗುಂಡು ಹೊಡೀಬೇಕು. ಗುಂಡಾ, ಯಾರಿಗಮ್ಮಾ ಎಂದು ಇಂಜಿನಿಯರು ಗಾಬರಿಯಿಂದ ಮಫ್ಲರು ಬಿಚ್ಚಿದರು, ಯಾರೂ ನಗಲಿಲ್ಲ, ಗಂಡಸರ ಸಾಲಿಗೆ ಅರ್ಥವಾಗಿತ್ತು. ನನ್ನ ಗಂಡನಿಗೆ ಸ್ವಾಮಿ, ಕೈಲು ಮುಹೂರ್ತದ ದಿನ ಸತ್ತವರಿಗೆ, ಸಂಜೆ ಅಲ್ಲ, ಬೆಳಗ್ಗೆ, ಇಬ್ಬನಿ ಆರುವ ಮೊದಲು, ಇವರಿಗೆ ಗೊತ್ತಿತ್ತು, ಬಂದು ನೋಡಿ ಹೋಗಿ ನಿಮಗೆಲ್ಲ ಊಟ ಬಡಿಸಿದ್ರು. ಹೇಳಿಬಿಟ್ಟಳು. ಹೇಳಿದ ಮೇಲೆ ಒಬ್ಬೊಬ್ಬರ ಮುಖವನ್ನೂ ನಿಧಾನವಾಗಿ ನೋಡಿದಳು, ಅವತ್ತು ಕಡುಬು ತಿಂದ ಬಾಯಿ, ಇನ್ನೊಂದು ತುಂಡು ಹಾಕು ಎಂದ ಬಾಯಿ, ಈಗ ತಿನ್ನಿ, ಈಗ ಜೀರ್ಣ ಮಾಡಿಕೊಳ್ಳಿ, ಕುಟುಂಬದ ಹಿರಿಯ ಬೆಳ್ಯಪ್ಪಜ್ಜ ಕೈ ಬಾಯಿಗೆ ಒತ್ತಿಕೊಂಡಿದ್ದ, ಹಲ್ಲಿಲ್ಲದ ಬಾಯಿ, ಅವತ್ತು ಮಾಂಸ ಚೆನ್ನಾಗಿ ಬೆಂದಿದೆ ಎಂದು ಹೊಗಳಿದ್ದನಂತೆ. ಸುಳ್ಳು, ಮೊಣ್ಣಪ್ಪ ಕೂಗಿದ, ತಲೆ ಕೆಟ್ಟುಟ್ಟು ಇವಳಿಗೆ, ಕೂಗಿದನಾದರೂ ಕೂಗಿನ ನಡುವೆ ತಂಗಮ್ಮನ ಕಡೆ ನೋಡಿದ, ತಂಗಮ್ಮ ನೆಲ ನೋಡುತ್ತಿದ್ದಳು, ಆ ಬಾಳೆಲೆ ಕಟ್ಟಿದ್ದು ಅವಳ ಕೈಯೇ. ಅಜ್ಜ ಕೋಲು ಊರಿ ಎದ್ದ. ಮೊಣ್ಣಪ್ಪ, ಸೂತಕದ ಮನೇಲಿ ನಂಗೆ ಉಂಬಕೆ ಕೊಟ್ಟೆಯಾ. ಮೊಣ್ಣಪ್ಪ ಕಾಲಿನ ಮೇಲಿಂದ ಕಾಲು ಇಳಿಸಿದ. ಕೋವಿ ತಾ ಅಂದ ಅಜ್ಜ.

ರಸ್ತೆಯಾಚೆಯೇ ಮೊಣ್ಣಪ್ಪನ ಮನೆ, ತಾನೇ ಹೋಗಬೇಕಾಯಿತು, ಯಾರೂ ನಾನು ತರುತ್ತೇನೆ ಎನ್ನಲಿಲ್ಲ, ಮೆಟ್ಟಿಲು ಹತ್ತುವ ಅವನ ಬೆನ್ನನ್ನು ಬೊಳ್ಳಮ್ಮ ಕಣ್ಣು ಕೀಳದೆ ನೋಡಿದಳು, ಸುಖವಾಗುತ್ತಿದೆ, ಹೌದು, ಸುಳ್ಳೇಕೆ, ಗುಟುಕು ಗುಟುಕಾಗಿ ಒಳಗಿಳಿಯುತ್ತಿದೆ, ಯಾರೂ ಸಾಯದ ದಿನ ಎರಡು ಗುಂಡು ಹೊಡೆದವನ ಮನೆಗೇ ಸಾವು ಬರುತ್ತದೆ ಎಂದು ಅವನಿಗೆ ಹೆದರಿಕೆ, ಇಬ್ಬರು ಗಂಡುಮಕ್ಕಳಿದ್ದಾರೆ ಅವನಿಗೆ, ಹೆದರಲಿ, ಅಂಗಳದ ನಡುವೆ ಕೋವಿ ಎತ್ತುವಾಗ ಅವಳತ್ತ ತಿರುಗಿ ತಗ್ಗಿದ ಸ್ವರದಲ್ಲಿ ಅಂದ, ಬೇಡ ಬೊಳ್ಳಮ್ಮ, ಬೇರೆ ಎಂಥ ಬೇಕಾರೂ ಕೇಳ್, ತೋಟದಲ್ಲಿ ಪಾಲು ಕೇಳ್. ಇವತ್ತು ತೋಟಾ ಉಂಟಾ ಭಾವ, ಎಂದಷ್ಟೇ ಕೇಳಿದಳು. ಢಂ. ಹಕ್ಕಿಗಳು ಎದ್ದವು, ಇಂಜಿನಿಯರ ನಕ್ಷೆ ಜಾರಿತು, ಅವನು ಕೋವಿ ಇಳಿಸಹೋದ, ಇನ್ನೊಂದು, ಇನ್ನೊಂದು ಭಾವ, ಒಂದಕ್ಕೆ ನಿಲ್ಲಿಸಿದರೆ ಮಗ ಹುಟ್ಟಿದ ಎಂದುಕೊಂಡಾರು — ಢಂ. ಗುಡ್ಡಕ್ಕೆ ಹೊಡೆದು ತಿರುಗಿ ಬಂತು ಸದ್ದು, ಆಮೇಲೆ ಏನೂ ಇಲ್ಲ, ಗಾಳಿಯೂ ಇಲ್ಲ, ಅಮ್ಮಾ ಹಾಗಾದ್ರೆ ಲೈನು ಎಂದು ಯಾರೋ ಪಕ್ಕದಲ್ಲಿ ಮೆಲ್ಲಗೆ ಕೇಳುತ್ತಿದ್ದಾರೆ, ಎಳೀರಿ, ಎಲ್ಲಿ ಬೇಕೋ ಅಲ್ಲಿ ಕಂಬ ನೆಡಿ, ಅಂದಳು, ತಿರುಗಿ ನೋಡಲಿಲ್ಲ, ಯಾಕೆಂದರೆ ಕೆಳಗೆ ಗದ್ದೆಯ ಬದುವಿನ ಮೇಲೆ ಒಂದು ತಲೆ ಎದ್ದಿದೆ, ಇನ್ನೊಂದು, ಕೂಲಿಯವರ ಲೈನುಮನೆಗಳ ಕಡೆಯಿಂದ ಹೆಂಗಸರು, ತೋಟದ ಬೇಲಿ ಹಾರಿ ಯಾರೋ, ಪಂಚೆ ಎತ್ತಿ ಕಟ್ಟಿ, ಕತ್ತಿ ಕೈಯಲ್ಲೇ, ಓಡಿ ಬರುತ್ತಿದ್ದಾರೆ, ಇಳಿಜಾರು ಹತ್ತಿ, ಮೊದಲು ಬಂದವಳು ತೋಟದ ಆಳು ಮುತ್ತಿ, ಮೊಣಕಾಲವರೆಗೆ ಕೆಸರು, ಏದುಸಿರು, ಕೋವಿ ಹಿಡಿದವನನ್ನೇ ಕೇಳಿದಳು, ಯಾರ್ ಅಯ್ಯ, ಯಾರ್ ಸತ್ತದ್. ಮೊಣ್ಣಪ್ಪನ ತುಟಿ ಅಲುಗಿತು. ಕೇಳ್ತಿಲ್ಲ ಅಯ್ಯ. ಧರ್ಮಪಾಲ, ಅಂದ ಮೊಣ್ಣಪ್ಪ. ಯಾವ ಧರ್ಮಪಾಲ. ನನ್ನ ತಮ್ಮ. ಯಾವಾಗ ಅಯ್ಯ — ಅವನು ಬೊಳ್ಳಮ್ಮನ ಕಡೆ ನೋಡಿದ, ಅವಳು ನೋಡುತ್ತಲೇ ಇದ್ದಳು, ಬೆಳಗ್ಗೆ ಅಂದ. ಮುತ್ತಿ ಎದೆ ಬಡಿದುಕೊಂಡಳು, ಅವಳ ಹಿಂದೆ ಬಂದವನು ಕೇಳಿದ, ಯಾರು, ಯಾವಾಗ, ಬೆಳಗ್ಗೆ, ಬೆಳಗ್ಗೆ, ಜೋರಾಗಿ ಹೇಳಿ ಭಾವ, ಅವನ ಹಿಂದೆ ಇನ್ನೂ ಬರುತ್ತಿದ್ದಾರೆ, ಓಡಿ ಬರುತ್ತಿದ್ದಾರೆ, ಇಳಿಜಾರಿನ ತುಂಬ ಜನ ಓಡಿ ಬರುತ್ತಿದ್ದಾರೆ, ಓಡಿ ಬರುತ್ತಿದ್ದಾರೆ